ಉಟ್ಟ ಬಟ್ಟೆಯ ಕಡೆಯಿಂದ

ಹೋದ ಡಿಸೆಂಬರಿನಲ್ಲಿ ಇಂದಿರಾನಗರದ ಒಂದು ಗ್ಯಾಲರಿಯಲ್ಲಿ ಜವಳಿ ಪ್ರದರ್ಶನವಿತ್ತು. ಹೆಸರು ಬೇಡ, ಅಂಥವು ಅಲ್ಲಿ ಈಗ ಬೇಕಾದಷ್ಟಿವೆ. ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅಮ್ಮ ಇಪ್ಪತ್ತು ವರ್ಷದಿಂದ ಶಿವಾಜಿನಗರದ ಸೀರೆ ಅಂಗಡಿಗಳಿಗೆ ಫಾಲು, ಪಿಕೋ ಹೊಲಿದುಕೊಡುತ್ತಾಳೆ. ಬಟ್ಟೆ ನೋಡುವುದೆಂದರೆ ಆಕೆಗೆ ಕೆಲಸವೂ ಹೌದು, ಹುಚ್ಚೂ ಹೌದು. ಇಳಕಲ್ ಸೆರಗು, ಗುಳೇದಗುಡ್ಡದ ಖಣ, ಮೊಳಕಾಲ್ಮೂರಿನ ರೇಷ್ಮೆ, ಧಾರವಾಡದ ಕಸೂತಿ ಎಲ್ಲವನ್ನೂ ಗಾಜಿನೊಳಗಿಟ್ಟು ಬೆಳಕು ಬಿಟ್ಟಿದ್ದರು. ಕೊನೆಯ ಕೋಣೆಯಲ್ಲಿ ಗೋಡೆಯ ಮೇಲೆ ಒಂದು ಕೌದಿ. ಕೆಳಗೆ ಚೀಟಿ: ಉತ್ತರ ಕರ್ನಾಟಕ, ಹಳೆಯ ಬಟ್ಟೆ, ಹತ್ತಿ ದಾರ, ತಯಾರಿಸಿದವರು ತಿಳಿದಿಲ್ಲ. ಅಮ್ಮ ಹತ್ತಿರ ಹೋಗಿ ಅದರ ಒಂದು ಮೂಲೆ ಹಿಡಿದು ಮಗುಚಿದಳು. ಅಲ್ಲಿದ್ದ ಸೆಕ್ಯೂರಿಟಿ ಹುಡುಗ ಓಡಿ ಬಂದ. ‘ಅಮ್ಮಾ, ಮುಟ್ಬಾರ್ದು.’ ಬೆಂಕಿ ತಾಗಿದವಳಂತೆ ಅಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಮಾತು: ‘ಹಿಂದುಗಡೆ ನೋಡ್ದಿದ್ರೆ ಹೊಲಿಗೆ ಹೆಂಗೆ ಗೊತ್ತಾಗುತ್ತೆ?’

ಬೆವರು ಕೈ ತಾಗಿದರೆ ಹಳೆಯ ಬಟ್ಟೆ ಹಾಳಾಗುತ್ತದೆ, ಆ ನಿಯಮ ಬೇಕೇ ಬೇಕು ಎಂಬುದು ನನಗೆ ಗೊತ್ತು. ಆ ಹುಡುಗನದೇನೂ ತಪ್ಪಿಲ್ಲ. ಮಾತಿನ ಧಾಟಿ ನೋಡಿದರೆ ಅವನೂ ನಮ್ಮ ಕಡೆಯವನೇ ಇರಬೇಕು. ಆದರೂ ‘ಮುಟ್ಟಬಾರದು’ ಎಂಬ ಶಬ್ದ ಎಲ್ಲರ ಕಿವಿಗೂ ಒಂದೇ ಥರ ಬೀಳುವುದಿಲ್ಲ. ದಲಿತ ವಿಮರ್ಶೆಯ ಈ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಗೆಳೆಯರು ಕೇಳಿದಾಗ ಮೊದಲು ನೆನಪಾದದ್ದು ಅಮ್ಮನ ಆ ಪ್ರಶ್ನೆ. ನಮ್ಮಲ್ಲಿ ಬಟ್ಟೆಯನ್ನು ಕಲೆ ಎಂದು ನೋಡುವ ಮೀಮಾಂಸೆ ಮಗ್ಗದಲ್ಲಿ ಶುರುವಾಗಿ ಪೆಟ್ಟಿಗೆಯಲ್ಲಿ ಮುಗಿಯುತ್ತದೆ. ನೇಯ್ದವರು ಯಾರು, ಬಣ್ಣ ಯಾವ ಬೇರಿನದು, ಸೆರಗಿನ ಚಿತ್ತಾರ ಎಲ್ಲಿಂದ ಬಂತು ಎಂದು ಕೇಳುತ್ತದೆ. ಉಟ್ಟವರು ಯಾರು, ಉಡಬಾರದು ಅನ್ನಿಸಿಕೊಂಡವರು ಯಾರು, ಹಳತಾದ ಮೇಲೆ ಅದು ಯಾರ ಮೈಗೆ ಹೋಯಿತು ಎಂದು ಕೇಳುವುದಿಲ್ಲ. ಬಟ್ಟೆಯ ಹಿಂಬದಿ ಇರುವುದು ಅಲ್ಲಿ. ಇನ್ನೂ ಸೋಜಿಗದ ಸಂಗತಿಯೆಂದರೆ ಮಗ್ಗದಲ್ಲೂ ನಮ್ಮನ್ನು ಬಿಟ್ಟೇ ಈ ಕಥೆಯನ್ನು ಹೇಳಲಾಗಿದೆ.

ಪ್ರದರ್ಶನದ ಬಾಗಿಲಲ್ಲಿ ಒಂದು ಪುಸ್ತಿಕೆ ಮಾರುತ್ತಿದ್ದರು. ಅದರಲ್ಲಿ ಕರ್ನಾಟಕದ ಪಾರಂಪರಿಕ ನೇಕಾರ ಸಮುದಾಯಗಳ ಪಟ್ಟಿ ಇತ್ತು: ದೇವಾಂಗ, ಪದ್ಮಸಾಲಿ, ಪಟ್ಟಸಾಲಿ, ತೊಗಟ, ಕುರುಹಿನಶೆಟ್ಟಿ. ಸರಿಯಾದ ಪಟ್ಟಿಯೇ, ಒಂದು ಹೆಸರು ಬಿಟ್ಟು. ಮಾಲೂರು ತಾಲ್ಲೂಕಿನ ನಮ್ಮೂರ ಕೇರಿಯಲ್ಲಿ ಅಜ್ಜಿಯ ಮನೆಯ ಒಂದು ಮೂಲೆಗೆ ‘ಮಗ್ಗದ ಗುಂಡಿ’ ಅನ್ನುತ್ತಿದ್ದರು. ಸೊಂಟದುದ್ದದ ಗುಂಡಿ. ರಾತ್ರಿ ಅದರೊಳಗೆ ಕೋಳಿ ಬಿಟ್ಟು ಮಂಕರಿ ಮುಚ್ಚುತ್ತಿದ್ದರು. ನಾನು ಅದು ಕೋಳಿ ಗುಂಡಿಯ ಹೆಸರೇ ಅಂದುಕೊಂಡು ಬೆಳೆದೆ. ‘ಮಗ್ಗ ಅಂದ್ರೆ ಏನಜ್ಜಿ?’ ಅಂದರೆ ಅಜ್ಜಿ ‘ಯಾವ ಕಾಲದ್ದೋ’ ಅನ್ನುತ್ತಿದ್ದಳು. ಎಂ.ಎ. ಓದುವಾಗ ಲೈಬ್ರರಿಯಲ್ಲಿ ಬುಕಾನನ್ ಸಿಕ್ಕಿದ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ, 1807ರಲ್ಲಿ ಮೂರು ಸಂಪುಟದ ಪ್ರವಾಸ ಕಥನ ಅಚ್ಚು ಮಾಡಿಸಿದ ಫ್ರಾನ್ಸಿಸ್ ಬುಕಾನನ್, ಈ ಸೀಮೆಯ ನೇಕಾರರ ಬಗ್ಗೆ ಬರೆಯುವಾಗ ಒರಟು ಹತ್ತಿಬಟ್ಟೆ ನೇಯುವ ಹೊಲೆಯರನ್ನೂ ಸೇರಿಸಿದ್ದಾನೆ. ನೂರು ವರ್ಷ ಕಳೆದು 1909ರಲ್ಲಿ ಥರ್ಸ್ಟನ್ ದಕ್ಷಿಣ ಭಾರತದ ಜಾತಿಗಳ ಸಂಪುಟಗಳನ್ನು ಹೊರತಂದಾಗಲೂ ಹೊಲೆಯರ ಕಸುಬುಗಳಲ್ಲಿ ಒರಟು ಬಟ್ಟೆ ನೇಯುವುದು ಇದೆ. ಮೈಸೂರು ಸೀಮೆಯ ಹಳೆಯ ಜಾತಿ ವಿವರಣೆಗಳಲ್ಲಿ ‘ಮಗ್ಗದ ಹೊಲೆಯರು’ ಎಂಬ ಹೆಸರೇ ಇದೆ. ಆ ಪುಟ ಓದಿದ ದಿನ ಲೈಬ್ರರಿಯಿಂದ ಎದ್ದು ಅಜ್ಜಿಗೆ ಫೋನು ಮಾಡಬೇಕು ಅನ್ನಿಸಿತು. ಅಷ್ಟು ಹೊತ್ತಿಗೆ ಅಜ್ಜಿ ಹೋಗಿ ಎರಡು ವರ್ಷ ಆಗಿತ್ತು. ಗುಂಡಿಯನ್ನು ಮುಚ್ಚಿ ಸಿಮೆಂಟ್ ಹಾಕಿಸಿದ್ದರು.

ಒಂದು ಸಮುದಾಯ ತನ್ನ ಕಸುಬನ್ನು ಹೀಗೆ ಮರೆತದ್ದು ಹೇಗೆ? ರೇಷ್ಮೆ ನೇಯುವವನಿಗೆ ಅರಮನೆ ಇತ್ತು, ದೇವಸ್ಥಾನ ಇತ್ತು, ಮದುವೆ ಮನೆ ಇತ್ತು. ಒರಟು ಬಟ್ಟೆಗೆ ಇದ್ದದ್ದು ಕೂಲಿಯವನ ಮೈ ಮಾತ್ರ. ಗಿರಣಿ ಬಟ್ಟೆ ಬಂದಾಗ ಬಡವನಿಗೆ ಅದೇ ಅಗ್ಗವಾಯಿತು. 1880ರ ದಶಕದಲ್ಲಿ ಬೆಂಗಳೂರಿನಲ್ಲೇ ಗಿರಣಿ ಹೊಗೆ ಎದ್ದಿತು. ಜೊತೆಗೆ ಇನ್ನೊಂದು ಕಾರಣವಿದೆ: ಒರಟು ಬಟ್ಟೆಯನ್ನು ಹರಿಯುವ ತನಕ ಉಡುತ್ತಾರೆ. ಮ್ಯೂಸಿಯಂ ಎಂಬುದು ಉಳಿದದ್ದರ ಮನೆ. ಉಳಿಯುವುದು ಹೆಚ್ಚು ಉಡದೆ ಇಟ್ಟದ್ದು. ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಯಂಥ ಕಡೆ ಜವಳಿಗೂ ಜಾಗ ಸಿಕ್ಕಿದ್ದು ಒಳ್ಳೆಯದೇ. ಆದರೆ ಹೊಲೆಯರ ಮಗ್ಗದಿಂದ ಬಂದ ಒಂದು ಗಜ ಬಟ್ಟೆಯನ್ನು ಯಾವ ಮ್ಯೂಸಿಯಂ ತಾನೇ ಎಲ್ಲಿಂದ ತರಬೇಕು? ಅದನ್ನು ಉಟ್ಟು ಮುಗಿಸಿಬಿಟ್ಟಿದ್ದೇವೆ. ದೊಡ್ಡಬಳ್ಳಾಪುರದ ನೇಕಾರರ ಮನೆಯಿಂದ ಬಂದ ಡಿ.ಆರ್. ನಾಗರಾಜ್, ಕುಶಲ ಕಸುಬಿನ ಸಮುದಾಯಗಳು ಆಧುನಿಕ ತಂತ್ರಜ್ಞಾನದ ಎದುರು ಸೋತು ತಮ್ಮ ಲೋಕವನ್ನೇ ಕಳೆದುಕೊಂಡ ಬಗ್ಗೆ ಬರೆದರು. ದಲಿತ ಚಳವಳಿ ಆ ಸೋಲನ್ನೂ ತನ್ನದಾಗಿ ನೋಡಬೇಕು ಎಂದರು. ನಾನು ಅವರಿಂದ ಕಲಿತವಳು. ಆದರೆ ನೇಕಾರ ಒಂದು ಕಡೆ, ಅಸ್ಪೃಶ್ಯ ಇನ್ನೊಂದು ಕಡೆ, ಇಬ್ಬರ ನಡುವೆ ಸೇತುವೆ ಕಟ್ಟಬೇಕು ಎಂಬ ಚಿತ್ರವೇ ನಮ್ಮ ಗುಂಡಿಯ ಎದುರು ನಿಲ್ಲುವುದಿಲ್ಲ. ನಮ್ಮ ಮನೆಯಲ್ಲಿ ಇಬ್ಬರೂ ಒಬ್ಬನೇ.

ಇನ್ನು ಭಾಷೆಗೆ ಬರೋಣ. ಕನ್ನಡದಲ್ಲಿ ಅಸ್ಪೃಶ್ಯತೆಯ ಎರಡು ಮುಖ್ಯ ಶಬ್ದಗಳೂ ಬಟ್ಟೆಯವೇ. ‘ಮಡಿ’ ಅಂದರೆ ಶುದ್ಧಿ, ಒಗೆದ ಬಟ್ಟೆಯೂ ಹೌದು. ‘ಮೈಲಿಗೆ’ ಅಂದರೆ ಸೂತಕ, ಉಟ್ಟು ಬಿಚ್ಚಿದ ಬಟ್ಟೆಯೂ ಹೌದು. ಎಲ್ಲರ ಬಟ್ಟೆಯನ್ನು ಮಡಿ ಮಾಡುವವನು ಮಡಿವಾಳ, ಆದರೆ ಅವನು ಮಾತ್ರ ಮಡಿಯಲ್ಲ. ಕಲ್ಯಾಣದ ಶರಣರು ಮಾಚಯ್ಯನನ್ನು ಮುಂದೆ ನಿಲ್ಲಿಸಿಕೊಂಡದ್ದರ ಅರ್ಥ ಇಲ್ಲಿದೆ. ಶರಣರ ಬಟ್ಟೆ ಬಿಟ್ಟು ಬೇರೆಯವರದ್ದನ್ನು ಒಗೆಯುವುದಿಲ್ಲ ಎಂದ ಆ ಮಡಿವಾಳ, ಯಾರು ಮಡಿ ಎಂಬುದನ್ನು ನಿರ್ಧರಿಸುವ ಅಧಿಕಾರವನ್ನು ಪುರೋಹಿತನಿಂದ ಕಿತ್ತು ಒಗೆಯುವ ಕಲ್ಲಿನ ಹತ್ತಿರ ತಂದ. ಇದನ್ನು ನಾವು ಭಕ್ತಿಯ ನಿಷ್ಠೆ ಎಂದಷ್ಟೇ ಪಾಠ ಮಾಡುತ್ತೇವೆ. ನಾನೂ ಮೊದಲ ವರ್ಷ ಹಾಗೇ ಮಾಡಿದೆ.

ಮಡಿಯಲ್ಲೂ ತರತಮವಿದೆ. ಹತ್ತಿ ಬಟ್ಟೆಗೆ ಮೈಲಿಗೆ ಬೇಗ ತಾಗುತ್ತದಂತೆ, ರೇಷ್ಮೆಗೆ ಅಷ್ಟು ತಾಗುವುದಿಲ್ಲವಂತೆ. ಅದಕ್ಕೇ ಪೂಜೆಗೆ ಪಟ್ಟೆಮಡಿ. ನಮ್ಮ ಜವಳಿ ಪರಂಪರೆಯಲ್ಲಿ ರೇಷ್ಮೆಗೆ ಸಿಕ್ಕಿರುವ ಸಿಂಹಾಸನಕ್ಕೆ ಅದರ ಹೊಳಪು ಎಷ್ಟು ಕಾರಣವೋ ಈ ಲೆಕ್ಕಾಚಾರವೂ ಅಷ್ಟೇ ಕಾರಣ. ಆದರೆ ಶಿಡ್ಲಘಟ್ಟದಲ್ಲೋ ರಾಮನಗರದಲ್ಲೋ ಒಂದು ದಿನ ನಿಂತು ನೋಡಿ. ಹುಳ ಒಳಗಿರುವಾಗಲೇ ಗೂಡನ್ನು ಬಿಸಿನೀರಿಗೆ ಹಾಕಿ, ಬೆಂದ ಗೂಡಿನಿಂದ ಎಳೆ ತೆಗೆಯುವ ಕೈಗಳು ಹೆಚ್ಚಾಗಿ ಮುಸ್ಲಿಮರವು, ದಲಿತರವು. ಆ ವಾಸನೆ ಮೂಗಿಗೆ ಹತ್ತಿದರೆ ವಾರ ಬಿಡುವುದಿಲ್ಲ. ಸಾವಿರ ಸಾವಿರ ಹುಳು ಸತ್ತು, ಮುಟ್ಟಬಾರದವರ ಕೈಯಲ್ಲಿ ನೂಲಾಗಿ, ಕೊನೆಗೆ ಪಟ್ಟೆಮಡಿ! ಯಾವ ಘಟ್ಟದಲ್ಲಿ ಅದಕ್ಕೆ ಮಡಿ ಬಂತು ಎಂದು ಯಾರಾದರೂ ತೋರಿಸಿಕೊಡಲಿ.

ಹಳೆಯ ಬಟ್ಟೆಯ ವಿಷಯ ಇದಕ್ಕಿಂತ ಜಟಿಲ. ಚಂಡಾಲರು ಹೆಣದ ಮೇಲಿನ ಬಟ್ಟೆಯನ್ನೇ ಉಡಬೇಕು ಎಂದು ಮನುಸ್ಮೃತಿಯ 10ನೇ ಅಧ್ಯಾಯ, 52ನೇ ಶ್ಲೋಕ ಹೇಳುತ್ತದೆ. ಇದು ಬಡತನದ ವರ್ಣನೆಯಲ್ಲ, ವಿಧಿ. ಹೊಸ ಬಟ್ಟೆ ಕೊಳ್ಳುವ ಶಕ್ತಿ ಇದ್ದರೂ ಉಡಕೂಡದು ಎಂಬ ವಿಧಿ. ಅದರ ನೆರಳು ಇನ್ನೂ ಹೋಗಿಲ್ಲ. ಅಮ್ಮ ಫಾಲು ಹೊಲಿಯುವುದಕ್ಕೆ ಮೊದಲು ಮನೆಗೆಲಸಕ್ಕೆ ಹೋಗುತ್ತಿದ್ದಳು. ಯುಗಾದಿಗೋ ದೀಪಾವಳಿಗೋ ಆ ಮನೆಯವರು ಒಂದು ಹಳೆಯ ಸೀರೆ ಕೊಡುತ್ತಿದ್ದರು. ಒಳ್ಳೆಯ ಜನವೇ. ಅಮ್ಮ ಅದನ್ನು ತಂದು ಮೊದಲು ಮಾಡುತ್ತಿದ್ದ ಕೆಲಸ ಫಾಲನ್ನು ಬಿಚ್ಚುವುದು. ಬ್ಲೇಡಿನಲ್ಲಿ ಒಂದೊಂದೇ ಹೊಲಿಗೆ ಕೊಯ್ದು, ಆ ಪಟ್ಟಿಯನ್ನು ಒಲೆಗೆ ಹಾಕಿ, ಸೀರೆಯನ್ನು ಬಿಸಿನೀರಿನಲ್ಲಿ ಅದ್ದಿ ಒಣಗಿಸಿ, ಹೊಸ ಫಾಲು ಹೊಲಿದು ಉಡುತ್ತಿದ್ದಳು. ಯಾಕೆ ಅಂದರೆ, ‘ಅವರ ಮನೆ ನೆಲ ಅದರಲ್ಲಿ ಅಂಟ್ಕೊಂಡಿರುತ್ತೆ.’ ನಾನು ಬಹಳ ವರ್ಷ ಇದನ್ನು ಅಮ್ಮನ ಶೋಕಿ ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಆಕೆ ಮೇಲಿನವರ ಬಟ್ಟೆಯಿಂದ ಅವರ ಮೈಲಿಗೆ ತೆಗೆಯುತ್ತಿದ್ದಳು. ಮನುವಿನ ಶಾಸ್ತ್ರವನ್ನು ತಲೆಕೆಳಗು ಮಾಡಿ ನೆರವೇರಿಸುತ್ತಿದ್ದಳು.

ಅದೇ ಹಳೆಯ ಸೀರೆ ದೇವಿ ಉಟ್ಟದ್ದಾದರೆ ಪ್ರಸಾದ. ದೇವಸ್ಥಾನಗಳಲ್ಲಿ ಅಮ್ಮನವರ ಸೀರೆ ಹರಾಜಿಗೆ ಬಂದರೆ ದುಡ್ಡಿದ್ದವರು ಮುಗಿಬೀಳುತ್ತಾರೆ. ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾ ಗೊತ್ತಲ್ಲ, 1882ರಲ್ಲಿ ಪ್ರತಿಷ್ಠೆಯಾದ ಆ ಎತ್ತರದ ಗಾಥಿಕ್ ಕಟ್ಟಡ? ಅಲ್ಲಿ ಮೇರಿ ಮಾತೆಗೆ ಸೀರೆ ಉಡಿಸುತ್ತಾರೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಕಾವಿ ಸೀರೆ ಉಟ್ಟು ಬರುವ ಹೆಂಗಸರಲ್ಲಿ ನಮ್ಮ ಹಲಸೂರಿನ ಬೀದಿಯವರು ಎಷ್ಟೋ ಜನ. ಎಲ್ಲರೂ ಕ್ರೈಸ್ತರೂ ಅಲ್ಲ. ರೋಮಿನಿಂದ ಬಂದ ದೇವಮಾತೆ ದಂಡಿಗೆ ಬಂದು ಸೀರೆ ಉಡಬೇಕಾಯಿತು, ಉಟ್ಟ ಮೇಲೇ ಆಕೆ ಇಲ್ಲಿಯವಳಾದದ್ದು. ಉಟ್ಟು ಬಿಟ್ಟ ಬಟ್ಟೆ ದೇವರದ್ದಾದರೆ ಪ್ರಸಾದ, ಯಜಮಾನಿಯದ್ದಾದರೆ ದಾನ, ಹೆಣದ್ದಾದರೆ ಶಿಕ್ಷೆ. ನೂಲು ಒಂದೇ. ಬಟ್ಟೆಯ ಸೌಂದರ್ಯ ನೂಲಿನಲ್ಲಿದೆ, ನೇಯ್ಗೆಯಲ್ಲಿದೆ ಅನ್ನುವವರು ಈ ಮೂರರ ವ್ಯತ್ಯಾಸವನ್ನು ಯಾವ ಭೂತಗನ್ನಡಿಯಲ್ಲಿ ನೋಡುತ್ತಾರೆ?

ಹೆಣದ ಬಟ್ಟೆಗೆ ಇನ್ನೊಂದು ಚರಿತ್ರೆಯೂ ಇದೆ. ಬೌದ್ಧ ಭಿಕ್ಷುವಿನ ಮೊದಲ ಚೀವರ ಪಾಂಸುಕೂಲ, ಅಂದರೆ ತಿಪ್ಪೆಯಲ್ಲಿ, ಸ್ಮಶಾನದಲ್ಲಿ ಬಿದ್ದ ಚಿಂದಿಯನ್ನು ಆಯ್ದು ಒಗೆದು ಹೊಲಿದದ್ದು. ದಾನವಾಗಿ ಹೊಸ ಬಟ್ಟೆ ಬಂದರೂ ಅದನ್ನು ತುಂಡು ಮಾಡಿಯೇ ಹೊಲಿಯಬೇಕು. ಮಗಧದ ಗದ್ದೆಗಳ ಬದುಗಳನ್ನು ತೋರಿಸಿ, ಹೀಗೆ ಹೊಲಿಯಲು ಆಗುತ್ತದೆಯೇ ಎಂದು ಬುದ್ಧ ಆನಂದನನ್ನು ಕೇಳಿದ ಕಥೆ ವಿನಯಪಿಟಕದಲ್ಲಿದೆ. ಮನು ಯಾವ ಬಟ್ಟೆಯನ್ನು ಅವಮಾನದ ಗುರುತು ಮಾಡಿದನೋ ಅದೇ ಬಟ್ಟೆಯನ್ನು ಸಂಘ ಗೌರವದ ಗುರುತು ಮಾಡಿತ್ತು. ಅಸ್ಪೃಶ್ಯರು ಸೋತ ಬೌದ್ಧರು ಎಂದು ಅಂಬೇಡ್ಕರ್ 1948ರ ಪುಸ್ತಕದಲ್ಲಿ ವಾದಿಸುವ ಮೊದಲೇ ಅಯೋತಿದಾಸ ಪಂಡಿತರು ತಮಿಳಿನಲ್ಲಿ ಅದನ್ನು ಹೇಳಿದ್ದರು. 1898ರಲ್ಲಿ ಅವರು ಕಟ್ಟಿದ ಶಾಕ್ಯ ಬೌದ್ಧ ಸಂಘಕ್ಕೆ ಕೋಲಾರದ ಚಿನ್ನದ ಗಣಿಯಲ್ಲಿ, ಬೆಂಗಳೂರಿನಲ್ಲಿ ಶಾಖೆಗಳಿದ್ದವು. ನಾವು ಓಡಾಡುವ ಈ ದಂಡು ಪ್ರದೇಶಕ್ಕೆ ಅಂಥದೊಂದು ನೆನಪಿದೆ. ಕನ್ನಡ ವಿಮರ್ಶೆ ಇದನ್ನು ತಮಿಳರ ಸಮಾಚಾರ ಎಂದು ಬದಿಗಿಟ್ಟಿತು. ಕೌದಿಯನ್ನಾಗಲಿ ನಮ್ಮ ಕಡೆಯ ಬೊಂತೆಯನ್ನಾಗಲಿ ‘ಜಾನಪದ’ ಎಂಬ ಗೂಡಿಗೆ ತುಂಬುವ ಮೊದಲು ಈ ಚಿಂದಿಯ ಚರಿತ್ರೆಯನ್ನು ಒಮ್ಮೆ ಓದಿಕೊಳ್ಳಬೇಕಿತ್ತು.

ಬಟ್ಟೆಯ ಮಾತು ಬಂದರೆ ಬೆತ್ತಲೆಯ ಮಾತು ಬರಲೇಬೇಕು. ಅಕ್ಕಮಹಾದೇವಿ ಬಟ್ಟೆ ಬಿಟ್ಟು ನಡೆದದ್ದನ್ನು ನಮ್ಮ ವಿಮರ್ಶೆ ಎಷ್ಟು ಬಗೆಯಲ್ಲಿ ಕೊಂಡಾಡಿದೆ! ಆಕೆಯ ಧೈರ್ಯದ ಬಗ್ಗೆ ನನ್ನದೇನೂ ತಕರಾರಿಲ್ಲ. ಅರಸನ ಸೊತ್ತಾಗಿದ್ದ ಬಟ್ಟೆಯನ್ನು ಅವನ ಮುಖಕ್ಕೇ ಬಿಸಾಡಿದವಳು. ತಕರಾರು ಇರುವುದು ಅದನ್ನು ಎಲ್ಲ ಹೆಂಗಸರ ಬಿಡುಗಡೆಯ ರೂಪಕ ಮಾಡುವವರ ಬಗ್ಗೆ. ಬಿಡಬೇಕಾದರೆ ಮೊದಲು ಉಟ್ಟಿರಬೇಕಲ್ಲ? ತಿರುವಾಂಕೂರಿನ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಟ್ಟಲೆ ಹೊಡೆತ ತಿಂದು 1859ರಲ್ಲಿ ಅದನ್ನು ಪಡೆದರು. ದಲಿತರ ಬಟ್ಟೆ ಕಿತ್ತು ಬೆತ್ತಲೆ ಮೆರವಣಿಗೆ ಮಾಡುವುದನ್ನು 1989ರ ದೌರ್ಜನ್ಯ ತಡೆ ಕಾಯ್ದೆ ಪ್ರತ್ಯೇಕ ಅಪರಾಧವೆಂದು ಬರೆಯಬೇಕಾಯಿತು. ಕಾನೂನಿನಲ್ಲಿ ಬರೆಯಬೇಕಾದಷ್ಟು ಅದು ಮಾಮೂಲಿಯಾಗಿತ್ತು ಅಂತ ಅರ್ಥ.

1986ರ ಮಾರ್ಚಿನಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಬೆತ್ತಲೆ ಸೇವೆಯನ್ನು ತಡೆಯಲು ದಲಿತ ಸಂಘರ್ಷ ಸಮಿತಿಯವರೂ ಇತರರೂ ಹೋದರು. ತಿರುಗಿಬಿದ್ದ ಗುಂಪು ಕಾರ್ಯಕರ್ತರನ್ನೂ ಪೊಲೀಸರನ್ನೂ ಬೆತ್ತಲೆ ಮಾಡಿ ಮೆರೆಸಿತು. ಆ ಮೇಲೆ ಸರ್ಕಾರ ಸೇವೆಯನ್ನು ನಿಷೇಧಿಸಿತು. ಇದರ ಸುತ್ತ ಅನಂತಮೂರ್ತಿಯವರು ಬರೆದ ‘ಬೆತ್ತಲೆ ಪೂಜೆ ಯಾಕೆ ಕೂಡದು?’ ಪ್ರಬಂಧವನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ವಿಚಾರವಾದಿಗಳ ಪರ ಇದ್ದೂ ತನ್ನೊಳಗಿನ ಅನುಮಾನವನ್ನು ಬಚ್ಚಿಡದ ಪ್ರಾಮಾಣಿಕ ಬರಹ ಅದು. ಆದರೆ ಅದರ ಜಗಳವೆಲ್ಲ ನಂಬಿಕೆಗೂ ಆಧುನಿಕತೆಗೂ ನಡುವಿನದು. ಅಲ್ಲಿ ಸೇವೆಗೆ ಹೋಗುತ್ತಿದ್ದವರಲ್ಲಿ ಹೆಚ್ಚಿನವರು ಯಾವ ಜಾತಿಯ ಹೆಂಗಸರು, ಮಿಕ್ಕ ದಿನ ಅವರ ಮೈಮೇಲೆ ಎಷ್ಟು ಬಟ್ಟೆ ಇರುತ್ತಿತ್ತು ಎಂಬುದು ಆ ಜಗಳದಲ್ಲಿ ಮುಖ್ಯ ಪ್ರಶ್ನೆಯಾಗುವುದಿಲ್ಲ. ದೇವರ ಮುಂದೆ ಬೆತ್ತಲಾಗುವುದರಲ್ಲಿ ಏನೋ ನಿಗೂಢವಿದೆ ಎಂದು ಅನ್ನಿಸಬೇಕಾದರೆ ಊರಿನ ಮುಂದೆ ಬೆತ್ತಲಾಗುವ ಭಯ ಇಲ್ಲದವರಾಗಿರಬೇಕು. ಉತ್ತರ ಕನ್ನಡದ ಸಿದ್ದಿ ಹೆಂಗಸರು ಕೌದಿ ಹೊಲಿದು ಮುಗಿಸುವಾಗ ಮೂಲೆಗಳಿಗೆ ಮಡಚಿದ ಸಣ್ಣ ತುಂಡುಗಳನ್ನು ಸಿಕ್ಕಿಸುತ್ತಾರೆ, ಅದಕ್ಕೆ ‘ಫೂಲ’ ಅನ್ನುತ್ತಾರೆ. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಎಂಬುದು ಅವರ ಮಾತು. ಹೊದಿಕೆಗೂ ಒಂದು ಹೊದಿಕೆ ಬೇಕು ಅನ್ನುವ ಈ ಸೌಂದರ್ಯ ಪ್ರಜ್ಞೆ ಎಲ್ಲಿಂದ ಬರುತ್ತದೆ ಎಂದು ನನಗೆ ವಿವರಿಸಿ ಹೇಳಬೇಕಾಗಿಲ್ಲ.

ಹೊದೆಯುವ ಹಕ್ಕು ನಮಗೆ ಅಷ್ಟಿಷ್ಟು ಸಿಕ್ಕಿದ ಜಾಗಗಳಲ್ಲಿ ಈ ದಂಡೂ ಒಂದು. ಅದರ ಹುಟ್ಟಿನ ಹಿಂದೆಯೇ 1806ರ ಜುಲೈನ ವೆಲ್ಲೂರು ದಂಗೆ ಇದೆ. ಸಿಪಾಯಿಗಳಿಗೆ ಹೊಸ ನಮೂನೆಯ ಪೇಟ ಕೊಟ್ಟರು, ಅದಕ್ಕೆ ಚರ್ಮದ ತುರಾಯಿ. ಹಣೆಯ ಜಾತಿಗುರುತು, ಕಿವಿಯ ಒಂಟಿ ಕೂಡದು ಅಂದರು. ರಕ್ತಪಾತವಾಯಿತು. ಶಾಲೆಯಲ್ಲಿ ಇದನ್ನು ಧರ್ಮ ಉಳಿಸಿಕೊಳ್ಳುವ ಹೋರಾಟ ಎಂದು ಓದಿದೆವು. ಪರಂಗಿ ದೊರೆತನದ ದರ್ಪ ಅದರಲ್ಲಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ತಲೆಯ ಮೇಲೆ ಚರ್ಮ ಎಂದು ಮೇಲಿನವರು ಅಸಹ್ಯಪಟ್ಟ ಆ ತುಂಡನ್ನು ಹದ ಮಾಡಿದವರು ನಮ್ಮ ಅಣ್ಣತಮ್ಮಂದಿರಾದ ಮಾದಿಗರೇ ಅಲ್ಲವೆ? ಮೂರು ವರ್ಷಕ್ಕೆ, 1809ರಲ್ಲಿ, ಹಲಸೂರಿನ ಬಳಿ ದಂಡು ಬಂತು. ಮದ್ರಾಸ್ ಸ್ಯಾಪರ್ಸ್ ಎಂಬ ಪಡೆ ಪರೆಯರನ್ನು ಸೇರಿಸಿಕೊಂಡು ಅವರಿಗೂ ಸಮವಸ್ತ್ರ ಕೊಟ್ಟಿತು. ಆ ಪಡೆಯ ಕೇಂದ್ರ ಇವತ್ತಿಗೂ ಹಲಸೂರು ಕೆರೆಯ ದಂಡೆಯಲ್ಲಿದೆ. ಒಬ್ಬನಿಗೆ ಸಮವಸ್ತ್ರ ಜಾತಿಯ ಗುರುತು ಕಿತ್ತುಕೊಂಡ ಅವಮಾನ, ಇನ್ನೊಬ್ಬನಿಗೆ ಅದೇ ಸಮವಸ್ತ್ರ ಜಾತಿಯ ಗುರುತು ಕಳಚಿದ ಮಾನ. ಎರಡನೆಯವನ ಕಡೆಯಿಂದ ಈ ದಂಡಿನ ಚರಿತ್ರೆಯನ್ನು ಯಾರು ಬರೆದಿದ್ದಾರೆ?

ಮುತ್ತಾತ ಮಿಲಿಟರಿ ಕ್ವಾರ್ಟರ್ಸಿನಲ್ಲಿ ಆರ್ಡರ್ಲಿ ಕೆಲಸದಲ್ಲಿದ್ದ. ಒಬ್ಬ ಸಾಹೇಬ ಊರಿಗೆ ಹೋಗುವಾಗ ಕೊಟ್ಟ ಉಣ್ಣೆ ಕೋಟು ನಮ್ಮ ಮನೆಯಲ್ಲಿತ್ತು. ಒಂದು ಗುಂಡಿ ಇರಲಿಲ್ಲ, ತೋಳು ಉದ್ದ. ಕೇರಿಯಲ್ಲಿ ಯಾರ ಮದುವೆಯಾದರೂ ಗಂಡಿನ ಮೈಮೇಲೆ ಅದೇ ಕೋಟು. ಬೇರೆ ಬೇರೆ ಮದುವೆಗಳ ಫೋಟೋದಲ್ಲಿ ಬೇರೆ ಬೇರೆ ಮುಖ, ಒಂದೇ ಕೋಟು. ಮುಲ್ಕ್ ರಾಜ್ ಆನಂದ್ 1935ರಲ್ಲಿ ಬರೆದ ‘ಅನ್‌ಟಚಬಲ್’ ಕಾದಂಬರಿಯ ಬಖಾನನ್ನು ಓದುವಾಗ ನನಗೆ ಈ ಫೋಟೋಗಳು ನೆನಪಾದವು. ದಂಡಿನ ಪಕ್ಕದ ಜಾಡಮಾಲಿ ಹುಡುಗ, ಗೋರಾ ಸಿಪಾಯಿಗಳ ಹಳೆಯ ಬಟ್ಟೆ ಹಾಕಿಕೊಂಡು ಅವರ ಹಾಗೆ ಕಾಣಬೇಕು ಎಂದು ಚಳಿಯಲ್ಲಿ ನಡುಗುತ್ತಾನೆ. ಆನಂದ್ ಅವನನ್ನು ಪ್ರೀತಿಯಿಂದಲೇ ನೋಡುತ್ತಾರೆ, ಆದರೆ ಈ ಬಟ್ಟೆಯ ಆಸೆಯ ಬಗ್ಗೆ ಮಾತ್ರ ತುಟಿಯಂಚಿನಲ್ಲಿ ಒಂದು ನಗು ಇದೆ. ನನಗೆ ಆ ನಗು ಹಿಡಿಸುವುದಿಲ್ಲ. ಬಖಾ ಹಾಕಿಕೊಂಡದ್ದೂ ಹಳೆಯ ಬಟ್ಟೆಯೇ, ನಿಜ. ಆದರೆ ಅದು ಮನು ಹೇಳಿದ ಹಳೆಯ ಬಟ್ಟೆಯಲ್ಲ, ಅವನೇ ಬೇಕೆಂದು ಆರಿಸಿಕೊಂಡದ್ದು.

ಅಂಬೇಡ್ಕರ್ ಹುಟ್ಟಿದ್ದೂ ಒಂದು ದಂಡಿನಲ್ಲಿ, ಮಹೂನಲ್ಲಿ, ಸಮವಸ್ತ್ರ ತೊಟ್ಟ ಸುಬೇದಾರನ ಮಗನಾಗಿ. ಗಾಂಧಿ ಬಟ್ಟೆ ಕಳಚಿದ್ದು, ಬಾಬಾಸಾಹೇಬರು ಸೂಟು ತೊಟ್ಟದ್ದು ಇವೆರಡನ್ನೂ ಎದುರುಬದುರು ಇಟ್ಟು ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಮತ್ತೆ ಬರೆಯುವುದಿಲ್ಲ. ಕಡಿಮೆ ನೆನಪಾಗುವುದು 1927ರ ಡಿಸೆಂಬರಿನ ಮಹಾಡ್. ಮನುಸ್ಮೃತಿ ಸುಟ್ಟ ಆ ಪರಿಷತ್ತಿನಲ್ಲಿ ಅವರು ಹೆಂಗಸರನ್ನು ಉದ್ದೇಶಿಸಿ, ಜಾತಿಯನ್ನು ಸಾರುವಂತೆ ಸೀರೆ ಉಡುವುದನ್ನು ಬಿಡಿ, ಮೇಲಿನವರು ಉಡುವಂತೆ ಉಡಿ, ಭಾರದ ಬೆಳ್ಳಿ ಒಡವೆ ತೆಗೆದಿಡಿ ಎಂದರು. ಎಂ.ಎನ್. ಶ್ರೀನಿವಾಸರನ್ನು ಓದಿದವರು ತಟ್ಟನೆ ‘ಸಂಸ್ಕೃತೀಕರಣ’ ಅನ್ನಬಹುದು. ಅಲ್ಲ. ಮೇಲಿನವರನ್ನು ನೋಡಿ ಅವರಂತಾಗುವುದು ಬೇರೆ. ಯಾರು ಎಷ್ಟು ಗೇಣು ಕೆಳಗೆ ಉಡಬೇಕು ಎಂಬ ಅಳತೆಗೋಲನ್ನೇ ಮುರಿಯುವುದು ಬೇರೆ. ಎಲ್ಲರೂ ಒಂದೇ ಥರ ಉಟ್ಟಾಗ ಮೇಲಿನವರ ಸೀರೆಗೆ ಮೇಲಿನವರದ್ದು ಎಂಬ ಅರ್ಥವೇ ಉಳಿಯುವುದಿಲ್ಲ.

ಇದು ಹಳೆಯ ಕಥೆಯಲ್ಲ. ನಾನು ಪಾಠ ಮಾಡಿದ ಒಂದು ಕಾಲೇಜಿನಲ್ಲಿ ಮಹಿಳಾ ಉಪನ್ಯಾಸಕಿಯರು ಸೀರೆಯಲ್ಲೇ ಬರಬೇಕೆಂಬ ನಿಯಮವಿತ್ತು. ಅಮ್ಮ ಗಂಜಿ ಹಾಕಿ ಇಸ್ತ್ರಿ ಮಾಡಿಕೊಟ್ಟ ಕಾಟನ್ ಸೀರೆ ಉಟ್ಟು ಹೋಗುತ್ತಿದ್ದೆ. ಹಿರಿಯ ಸಹೋದ್ಯೋಗಿಯೊಬ್ಬರು ಸ್ಟಾಫ್ ರೂಮಿನಲ್ಲಿ ನಗುತ್ತಾ, ‘ಈಗೀಗ ನಿಮ್ಮೋರೇ ನಮಗಿಂತ ಚೆನ್ನಾಗಿ ಉಡ್ತೀರಪ್ಪ’ ಅಂದರು. ಹೊಗಳಿಕೆಯೇ ಇರಬಹುದು. ನಾನು ಥ್ಯಾಂಕ್ಸ್ ಅಂದೆ. ಆಮೇಲೆ ಕ್ಲಾಸಿಗೆ ಹೋದರೆ ಪಾಠ ಬಾಯಿಗೆ ಬರಲಿಲ್ಲ. ‘ನಿಮ್ಮೋರು’ ಎಂಬುದನ್ನು ಅವರು ಓದಿದ್ದು ಎಲ್ಲಿ? ಸೀರೆಯ ಇಸ್ತ್ರಿ ಗೆರೆಯಲ್ಲೇ. ಮುದುಡಿದ ಸೀರೆ ಉಟ್ಟು ಬಂದರೂ ಪ್ರೊಫೆಸರ್ ಅನ್ನಿಸಿಕೊಳ್ಳುವ ಸವಲತ್ತು ಅವರಿಗಿದೆ. ಅಂಬೇಡ್ಕರ್ ಪ್ರತಿಮೆಯ ಕೋಟಿನಲ್ಲಿ ಒಂದು ಸುಕ್ಕೂ ಇರುವುದಿಲ್ಲ, ಗಮನಿಸಿದ್ದೀರಾ? ಸುಕ್ಕಿನ ಸೌಂದರ್ಯ, ಕೈಮಗ್ಗದ ಒರಟುತನದ ಸೌಂದರ್ಯ, ಹರಕಲಿಗೆ ತೇಪೆಯ ಸೌಂದರ್ಯ ಇವೆಲ್ಲ ಇಂದಿರಾನಗರದ ಹಂಡ್ರೆಡ್ ಫೀಟ್ ರೋಡಿನ ಅಂಗಡಿಗಳಲ್ಲಿ ಮಾರಾಟಕ್ಕಿವೆ. ನಮಗೆ ಇನ್ನೂ ಅವನ್ನು ಕೊಳ್ಳುವ ಧೈರ್ಯ ಬಂದಿಲ್ಲ.

2022ರ ಫೆಬ್ರವರಿಯಲ್ಲಿ ರಾಜ್ಯದ ಕಾಲೇಜು ಗೇಟುಗಳಲ್ಲಿ ತಲೆಯ ಮೇಲಿನ ಒಂದು ಗಜ ಬಟ್ಟೆಯೇ ಪ್ರಶ್ನೆಯಾಯಿತು. ಸಮವಸ್ತ್ರ ಅಂದರೆ ಸಮಾನತೆ ಎಂದು ನಮ್ಮ ಕೆಲವು ಗೆಳೆಯರೂ ವಾದಿಸಿದರು. ಸಮವಸ್ತ್ರದಿಂದ ನಮಗೆ ಸಿಕ್ಕಿದ್ದನ್ನು ಈಗಷ್ಟೇ ಹೇಳಿದವಳು ನಾನು, ಆದರೂ ಒಪ್ಪಲಾರೆ. ಬಟ್ಟೆ ಕೊಟ್ಟು ಒಳಗೆ ಕರೆಯುವುದು ಒಂದು, ಬಟ್ಟೆ ತೆಗೆಸಿ ಒಳಗೆ ಬಿಡುವುದು ಇನ್ನೊಂದು. ಆ ದಿನಗಳಲ್ಲಿ ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ದಲಿತ ವಿದ್ಯಾರ್ಥಿಗಳು ನೀಲಿ ಶಾಲು ಹೊದ್ದು, ಜೈ ಭೀಮ್ ಎಂದು ಕೂಗುತ್ತಾ ಆ ಹುಡುಗಿಯರ ಪರ ನಿಂತರು. ಗೇಟಿನ ಹೊರಗೆ ನಿಲ್ಲುವುದು ಏನೆಂದು ಅವರಿಗೆ ಗೊತ್ತಿತ್ತು.

ಈಗ ನಾನು ಪಾಠ ಮಾಡುವುದು ಕೆ.ಆರ್. ಪುರದ ಕಡೆ. ಕ್ಲಾಸಿನಲ್ಲಿ ಗಾರ್ಮೆಂಟ್ಸ್ ಕೆಲಸದ ತಾಯಂದಿರ ಮಕ್ಕಳು ಬಹಳ. ‘ನಮ್ಮನೆಯ ಒಂದು ಬಟ್ಟೆ’ ಎಂದು ಎರಡು ಪುಟ ಬರೆಯಲು ಹೇಳಿದ್ದೆ. ಒಬ್ಬ ಹುಡುಗಿ ಬರೆದಳು: ಅಮ್ಮ ಜಾಕೆಟ್ಟಿನ ಎಡ ತೋಳು ಮಾತ್ರ ಹೊಲಿಯುತ್ತಾಳೆ, ಇಡೀ ಜಾಕೆಟ್ ಹೇಗಿರುತ್ತದೆ ಎಂದು ಆಕೆ ಮೊದಲು ನೋಡಿದ್ದು ಶಿವಾಜಿನಗರದಲ್ಲಿ, ಎಕ್ಸ್‌ಪೋರ್ಟ್ ರಿಜೆಕ್ಟ್ ಮಾರುವ ಗಾಡಿಯ ಮೇಲೆ. ತೋಳಿನ ಹೊಲಿಗೆ ನೋಡಿ ತನ್ನ ಲೈನಿನದೇ ಎಂದು ಗುರುತು ಹಿಡಿದಳಂತೆ. ಆ ಎರಡು ಪುಟದಲ್ಲಿ ಕಾಗುಣಿತದ ತಪ್ಪು ಹತ್ತಿರ ಹತ್ತಿರ ನಲವತ್ತು. ನಾನು ಒಂದನ್ನೂ ಗುರುತು ಮಾಡಲಿಲ್ಲ, ಅದು ಸರಿಯೋ ತಪ್ಪೋ ಗೊತ್ತಿಲ್ಲ. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಭವಿಷ್ಯನಿಧಿಯ ದುಡ್ಡು ತೆಗೆಯಲು ಕೇಂದ್ರ ಹಾಕಿದ್ದ ಹೊಸ ನಿರ್ಬಂಧದ ವಿರುದ್ಧ ದೊಡ್ಡ ಸಂಘದ ನಾಯಕರನ್ನು ಕಾಯದೆ ರಸ್ತೆಗಿಳಿದರು. ಹೊಸೂರು ರಸ್ತೆ ನಿಂತುಹೋಯಿತು. ಎರಡನೆಯ ದಿನವೇ ಸರ್ಕಾರ ಆದೇಶ ವಾಪಸು ತೆಗೆದುಕೊಂಡಿತು. ಆ ಸಾವಿರಾರು ಹೆಂಗಸರು ಈ ರಾಜ್ಯದ ದೊಡ್ಡ ಜವಳಿ ಸಮುದಾಯ ಅಲ್ಲವೆ? ಆ ಪುಸ್ತಿಕೆಯ ಪಟ್ಟಿಯಲ್ಲಿ ಅವರೂ ಇರಲಿಲ್ಲ. ಮಷೀನಿನಲ್ಲಿ ಹೊಲಿದದ್ದು ಪರಂಪರೆಯಲ್ಲವಂತೆ.

ನನ್ನ ಬರಹದಲ್ಲೂ ಹರಕಲಿದೆ. ಚರ್ಮದ ಬಗ್ಗೆ ಒಂದು ಮಾತು ಹೇಳಿ ದಾಟಿಬಿಟ್ಟೆ. ಹೊಲೆಯರ ಮಗಳಿಗೆ ಮಗ್ಗದ ಗುಂಡಿ ಸಿಕ್ಕಿದ ಹೆಮ್ಮೆಯಲ್ಲಿ ಮಾದಿಗರ ಕೈಯ ಕಲೆಯನ್ನು ಒಂದು ಸಾಲಿಗೆ ಇಳಿಸುವುದೂ ಇನ್ನೊಂದು ಬಗೆಯ ಮಡಿಯೇ. ಅದನ್ನು ಅವರ ಕಡೆಯಿಂದಲೇ ಯಾರಾದರೂ ಬರೆಯಬೇಕು, ಇದೇ ಪತ್ರಿಕೆಯಲ್ಲಿ.

ಗ್ಯಾಲರಿಯಿಂದ ಬಂದ ರಾತ್ರಿ ಅಮ್ಮ ಅಟ್ಟದಿಂದ ಅಜ್ಜಿಯ ಬೊಂತೆ ಇಳಿಸಿದಳು. ನೆಲದ ಮೇಲೆ ಹಿಂಬದಿ ಮೇಲಾಗಿ ಹಾಸಿದಳು. ‘ಇದು ನಿಂದು, ಎರಡನೇ ಕ್ಲಾಸಿನ ಯೂನಿಫಾರಂ. ಇದು ಆ ಮನೆಯವರು ಕೊಟ್ಟಿದ್ದು, ನೇರಳೆ ಸೀರೆ. ಇಲ್ಲಿ ದಪ್ಪ ಇದೆಯಲ್ಲ, ಅದು ಆ ಕೋಟು.’ ಕೋಟು ಎಲ್ಲಿ ಹೋಯಿತು ಎಂದು ನಾನು ಯಾವತ್ತೂ ಕೇಳಿಯೇ ಇರಲಿಲ್ಲ. ಅಜ್ಜಿ ಅದರ ಒಳಪದರವನ್ನು ಬಿಚ್ಚಿ, ತೋಳನ್ನು ಸೀಳಿ, ಮಧ್ಯಕ್ಕೆ ಸೇರಿಸಿ ಹೊಲಿದಿದ್ದಳು. ಹೊಲಿಗೆ ಒಂದು ಕಡೆ ಸಣ್ಣ, ಒಂದು ಕಡೆ ದೊಡ್ಡ. ಕಣ್ಣು ಮಂಜಾದ ಮೇಲೆ ಹೊಲಿದದ್ದು ಅದು ಅಂದಳು ಅಮ್ಮ. ನಾನು ಫೋಟೋ ತೆಗೆಯಲು ಫೋನು ಎತ್ತಿಕೊಂಡೆ. ‘ಅದೆಲ್ಲ ಆಮೇಲೆ, ಚಳಿ’ ಅಂತ ಅಮ್ಮ ಬೊಂತೆಯನ್ನು ಎಳೆದುಕೊಂಡು ಮಲಗಿದಳು. ಬೆಳಿಗ್ಗೆ ಅಂಗಡಿಗೆ ಹದಿನಾಲ್ಕು ಸೀರೆ ಕೊಡಬೇಕಿತ್ತು, ಆರಕ್ಕೆ ಇನ್ನೂ ಫಾಲು ಹಚ್ಚಿರಲಿಲ್ಲ.